ಏಳು ಕಣ್ಣಿನ ಒಲೆಯ ಯುದ್ಧ

ಷಿಬಾನ್ ಪೇಟೆ, ಸಿಚುವಾನ್
ಮಾರ್ಚ್ ೬, ೧೯೯೪

ತಮ್ಮ ಷುಹೆಂಗ್,

ಹೊಸ ವರ್ಷಕ್ಕೆ ನೀನು ಕಳಿಸಿದ ಕಾರ್ಡು ತಲುಪಿತು. ಅಚ್ಚಾದ ಶುಭಾಶಯ ಬಿಟ್ಟರೆ ನಿನ್ನ ಕೈಬರಹ ಒಂದೇ ಸಾಲು, ಅದೂ ನಿನ್ನ ಹೆಸರು. ಪ್ರೊಫೆಸರರಿಗೆ ಪುರುಸೊತ್ತಿಲ್ಲ ಅಂದುಕೊಂಡು ಗೋಡೆಗೆ ಅಂಟಿಸಿದ್ದೇನೆ.

ಇಲ್ಲಿಯ ಸುದ್ದಿ ಏನೆಂದರೆ, ನಮ್ಮ ಚಹಾಮನೆಯ ಎದುರಿಗೇ ಮಾವೊಛಾಯ್ ಇನ್ನೊಂದು ಚಹಾಮನೆ ತೆರೆದಿದ್ದಾನೆ. ಹೌದು, ಅವನೇ. ಅಪ್ಪನ ಕೈಕೆಳಗೆ ಉದ್ದ ಮೂತಿಯ ಕೆಟಲ್ ಹಿಡಿಯಲು ಕಲಿತವನು, ನಮ್ಮ ಮನೆಯ ಅನ್ನ ಉಂಡು ಮೀಸೆ ಬೆಳೆಸಿಕೊಂಡವನು. ಸೂರಿಗೆ ನಾಲ್ಕು ಫ್ಯಾನು ಹಾಕಿಸಿದ್ದಾನೆ. ಸಂಜೆಯಾದರೆ ವಿಡಿಯೊದಲ್ಲಿ ಹೊಡೆದಾಟದ ಸಿನಿಮಾ. ನಮ್ಮ ಬಿದಿರಿನ ಕುರ್ಚಿಗಳಲ್ಲಿ ಕೂರುತ್ತಿದ್ದ ಹುಡುಗರೆಲ್ಲ ಅಲ್ಲಿಗೆ ಹೋಗಿದ್ದಾರೆ. ಉಳಿದವರು ಮುದುಕರು, ಅವರ ಪಂಜರದ ಹಕ್ಕಿಗಳು, ಮತ್ತೆ ನಾನು. ಒಂದು ಬಟ್ಟಲು ಚಹಾ ತೆಗೆದುಕೊಂಡು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಬಿಸಿನೀರು ಹುಯ್ಯಿಸಿಕೊಳ್ಳುವ ಗಿರಾಕಿಗಳು. ಅವರಿಂದ ಕಲ್ಲಿದ್ದಲಿನ ಖರ್ಚೂ ಹುಟ್ಟುವುದಿಲ್ಲ.

ನನಗೆ ಐವತ್ತಾರು ದಾಟಿತು. ಬಲಗೈ ಭುಜ ಎತ್ತಿದರೆ ಕಟಕಟ ಅನ್ನುತ್ತದೆ. ಚಹಾಮನೆ ತೆರೆಯಲು ಮತ್ತೆ ಅಪ್ಪಣೆ ಸಿಕ್ಕ ೧೯೭೯ರಲ್ಲಿ ಅಪ್ಪ ಹೊತ್ತಿಸಿದ, ಏಳು ಕೆಟಲ್ ಒಟ್ಟಿಗೆ ಕಾಯುವ ಏಳು ಕಣ್ಣಿನ ಒಲೆ ಇವತ್ತಿನವರೆಗೆ ಆರಿಲ್ಲ. ದಿನಾ ಸಂಜೆ ಬೂದಿ ಮುಚ್ಚಿ, ಬೆಳಗ್ಗೆ ಕೆದಕುತ್ತೇನೆ. ಅದನ್ನು ಕೆದಕುವಾಗೆಲ್ಲ ಇದು ಯಾರಿಗಾಗಿ ಅಂತ ಕೇಳಿಕೊಳ್ಳುತ್ತೇನೆ.

ನೀನು ದಕ್ಷಿಣಕ್ಕೆ ಹೊರಟ ದಿನ ನೆನಪಿದೆಯಾ? ಎದ್ದು ಹೋಗುವವರು ಮತ್ತೆ ಬರುತ್ತೇನೆ ಅನ್ನಲು ಬಟ್ಟಲಿನ ಮುಚ್ಚಳದ ಮೇಲೆ ಒಂದು ಎಲೆ ಇಟ್ಟು ಹೋಗುತ್ತಾರಲ್ಲ, ಹಾಗೆ ನೀನೂ ಇಟ್ಟು ಹೋಗಿದ್ದೆ. ತಮಾಷೆಗೆ. ಅಪ್ಪ ಆ ಬಟ್ಟಲು ತೆಗೆಯಲು ಯಾರಿಗೂ ಬಿಡಲಿಲ್ಲ. ಹೊಸ ಗಿರಾಕಿ ಬಂದು ಕೂತರೆ ಎಬ್ಬಿಸುತ್ತಿದ್ದ.

ಸಮಾಧಿ ಗುಡಿಸುವ ಹಬ್ಬ ಏಪ್ರಿಲ್ ಐದಕ್ಕೆ. ಬಾ.

ಅಕ್ಕ ವಾನ್‌ಜೆನ್


ಷೆನ್‌ಜೆನ್
ಮಾರ್ಚ್ ೨೮, ೧೯೯೪

ಅಕ್ಕನಿಗೆ ನಮಸ್ಕಾರ.

ಪತ್ರ ಓದಿ ಚಿಂತೆಯಾಯಿತು, ಖುಷಿಯೂ ಆಯಿತು. ಚಿಂತೆ ನಿನ್ನ ಭುಜದ್ದು. ಖುಷಿ ಯಾಕೆಂದರೆ, ಕೊನೆಗೂ ನಮ್ಮ ಮನೆಯವರೊಬ್ಬರು ನನ್ನ ವಿದ್ಯೆಗೆ ಒಂದು ಕೆಲಸ ಕೊಟ್ಟರು. ಹಬ್ಬಕ್ಕೆ ಬರಲಾಗುವುದಿಲ್ಲ. ಆ ವಾರ ಮೂರು ಕಾರ್ಖಾನೆಗಳ ಮ್ಯಾನೇಜರುಗಳಿಗೆ ನನ್ನ ಉಪನ್ಯಾಸ. ಪ್ರಾಚೀನರ ಯುದ್ಧನೀತಿ ವ್ಯಾಪಾರಕ್ಕೆ ಹೇಗೆ ಒದಗುತ್ತದೆ ಅನ್ನುವುದು ವಿಷಯ. ಇಲ್ಲಿ ಈಗ ಎಲ್ಲರಿಗೂ ಅದೇ ಹುಚ್ಚು. ಅಂಗಿ ಗುಂಡಿಯ ಕಾರ್ಖಾನೆಯವನೂ ತನ್ನನ್ನು ಸೇನಾಪತಿ ಅಂದುಕೊಳ್ಳುತ್ತಾನೆ.

ನಿನ್ನ ವಿಷಯಕ್ಕೆ ಬರುತ್ತೇನೆ. ಮೊದಲನೆಯದು, ಮಾವೊಛಾಯ್ ಬಲವಾಗಿರುವ ಕಡೆ ನೀನು ಕಾಲಿಡಬೇಡ. ಫ್ಯಾನು, ವಿಡಿಯೊ ಅವನ ಕೋಟೆ. ಅದಕ್ಕೆ ಎದುರಾಗಿ ನೀನೂ ಟಿ.ವಿ. ತಂದರೆ ಸೋತೆ. ಎರಡನೆಯದು, ಅವನ ಒಳಗಿನ ಸ್ಥಿತಿ ತಿಳಿಯದೆ ಏನೂ ಮಾಡಬೇಡ. ಅವನ ನೀರು ಎಲ್ಲಿಂದ, ಎಲೆ ಯಾರಿಂದ, ಹಗಲು ಯಾರು ಕೂರುತ್ತಾರೆ, ಎಲ್ಲ ಗೊತ್ತಿರಬೇಕು. ಅದಕ್ಕೆ ಒಬ್ಬ ಗೂಢಚಾರ ಬೇಕು. ಎರಡೂ ಕಡೆ ಓಡಾಡುವವನು, ಯಾರೂ ಅನುಮಾನಪಡದವನು. ಮೂರನೆಯದು, ಮಮತೆಯನ್ನು ಬದಿಗಿಡು. ಅವನು ನಮ್ಮ ಮನೆಯ ಅನ್ನ ಉಂಡವನು ಅನ್ನುವುದು ಮನೆಯ ಮಾತು. ರಣರಂಗದಲ್ಲಿ ಅವನು ಎದುರಾಳಿ.

ಏನೇನು ಮಾಡಿದೆ, ಏನಾಯಿತು ಅಂತ ವಿವರವಾಗಿ ಬರೆ. ನನ್ನ ಉಪನ್ಯಾಸಕ್ಕೂ ಒಳ್ಳೆಯ ಉದಾಹರಣೆ ಆಗುತ್ತದೆ.

ನಿನ್ನ ತಮ್ಮ ಷುಹೆಂಗ್


ಷಿಬಾನ್ ಪೇಟೆ
ಮೇ ೨, ೧೯೯೪

ಸೇನಾಪತಿಗಳಿಗೆ,

ನೀವು ಹೇಳಿದಂತೆ ಗೂಢಚಾರನನ್ನು ಕಳಿಸಿದೆ. ಕಿವಿ ಗುಗ್ಗೆ ತೆಗೆಯುವ ಕೂ ಇದ್ದಾನಲ್ಲ, ಅವನನ್ನು. ಎರಡೂ ಅಂಗಡಿಗೆ ಹೋಗುತ್ತಾನೆ, ಎಲ್ಲರ ಕಿವಿಯೂ ಅವನ ಕೈಲಿರುತ್ತದೆ. ಎರಡು ದಿನ ಬಿಟ್ಟು ವಾಪಸ್ ಬಂದ. ಹೊಟ್ಟೆ ತುಂಬ ಕಡಲೆಬೀಜ ತಿಂದು ಬಂದಿದ್ದ. ವರದಿ ಹೀಗಿದೆ: ಫ್ಯಾನು ಚೆನ್ನಾಗಿ ತಿರುಗುತ್ತವೆ, ಮಾವೊಛಾಯ್ ಒಳ್ಳೆಯವನು, ಅಕ್ಕ ಹೇಗಿದ್ದಾರೆ ಅಂತ ಕೇಳಿದ. ಇಷ್ಟೇ. ಈಗ ಕೂ ಹೆಚ್ಚು ಹೊತ್ತು ಅಲ್ಲೇ ಇರುತ್ತಾನೆ.

ಒಂದು ವಿಚಿತ್ರ ಹೇಳಬೇಕು. ಅದೇ ವಾರ ಮಾವೊಛಾಯ್‌ನ ನೀರು ಹೊರುವವನು ನಮ್ಮಲ್ಲಿ ಬಂದು ಕೂತ. ಚಹಾ ಕುಡಿಯದೆ ಸುಮ್ಮನೆ ಮೇಜುಗಳನ್ನೇ ನೋಡುತ್ತಿದ್ದ. ನಾನು ನದಿ ನೀರಿನ ಚಹಾ ಅಂತ ಬೋರ್ಡು ಬರೆಸಿದರೆ, ಮಾರನೆಯ ದಿನ ಅವನು ಬೆಟ್ಟದ ಊಟೆಯ ನೀರಿನ ಚಹಾ ಅಂತ ಬರೆಸಿದ. ನಾನು ಹಿಂದಕ್ಕೆ ಸರಿದರೆ ಅವನೂ ಸರಿಯುತ್ತಾನೆ. ಕನ್ನಡಿ ಮುಂದೆ ನಿಂತು ಜಗಳ ಆಡಿದ ಹಾಗೆ ಆಗಿದೆ.

ಹಬ್ಬದ ದಿನ ಅಪ್ಪನ ಸಮಾಧಿಗೆ ಹೋದೆ. ನಾನು ಹೋಗುವಷ್ಟರಲ್ಲಿ ಕಳೆ ಕಿತ್ತು, ಕಲ್ಲು ತೊಳೆದು, ಒಂದು ಬಟ್ಟಲು ಚಹಾ ಇಟ್ಟಾಗಿತ್ತು. ಮುಚ್ಚಳ ತೆಗೆದು ನೋಡಿದೆ. ಮಲ್ಲಿಗೆ ಚಹಾ, ಅಪ್ಪ ಕುಡಿಯುತ್ತಿದ್ದದ್ದೇ. ಇನ್ನೂ ಬಿಸಿಯಿತ್ತು. ನೀನು ಮಮತೆ ಬದಿಗಿಡು ಅಂತ ಬರೆದಿದ್ದೆ. ಎಲ್ಲಿ ಇಡಲಿ ಅಂತ ಬರೆದಿರಲಿಲ್ಲ.

ದೊಡ್ಡ ಕೆಟಲ್ ಈಗ ಎರಡು ಕೈಲಿ ಎತ್ತುತ್ತೇನೆ. ಅದೇನೂ ದೊಡ್ಡ ವಿಷಯವಲ್ಲ. ಅಲ್ಲಿ ನಿನಗೆ ಊಟ ಸರಿಯಾಗಿ ಸಿಗುತ್ತದಾ? ಕಾರದ ಪುಡಿ ಕಳಿಸಿದ್ದೇನೆ, ಅಲ್ಲಿಯವರು ಸಿಹಿ ತಿನ್ನುತ್ತಾರಂತೆ.

ವಾನ್‌ಜೆನ್


ಷೆನ್‌ಜೆನ್
ಜೂನ್ ೯, ೧೯೯೪

ಅಕ್ಕ,

ಕಾರದ ಪುಡಿ ತಲುಪಿತು. ಈಗ ವಿಳಾಸ ಬದಲಾಗಿದೆ, ಲಕೋಟೆಯ ಹಿಂದೆ ಬರೆದಿದ್ದೇನೆ. ಬರೆಯಲು ಓದಲು ಗದ್ದಲವಿಲ್ಲದ ಜಾಗ ಬೇಕಿತ್ತು.

ನಿನ್ನ ವರದಿ ಓದಿ ಒಂದು ಸ್ಪಷ್ಟವಾಯಿತು. ಮಾವೊಛಾಯ್ ಒಬ್ಬನೇ ಇಲ್ಲ. ಕೆಟಲ್ ಹಿಡಿಯುವವನ ತಲೆಗೆ ಇಂಥ ನಡೆಗಳು ಹೊಳೆಯುವುದಿಲ್ಲ. ಅವನ ಹಿಂದೆ ಯಾರೋ ಓದಿದವರು ಇದ್ದಾರೆ. ಚೆನ್ನಾಗಿ ಓದಿದವರೇ. ಅಂಥವರನ್ನು ಸಣ್ಣಪುಟ್ಟ ನಡೆಯಲ್ಲಿ ಸೋಲಿಸಲಾಗದು.

ಆದ್ದರಿಂದ ದೊಡ್ಡ ನಡೆ. ಬಲವಿದ್ದಾಗ ಬಲಹೀನನಂತೆ ಕಾಣಿಸಿಕೊಳ್ಳುವುದು ಹಳಬರು ಮೆಚ್ಚಿದ ತಂತ್ರ. ಬೇಸಿಗೆ ಕಳೆದ ಮೇಲೆ ಅಂಗಡಿ ಮುಚ್ಚುತ್ತೀ ಅಂತ ಸುದ್ದಿ ಹರಡು. ನೀನೇ ಹೇಳಬೇಡ, ಬೇರೆಯವರ ಬಾಯಲ್ಲಿ ಹೇಳಿಸು. ಅರ್ಧ ಕುರ್ಚಿ ಎತ್ತಿಟ್ಟುಬಿಡು. ಅವನು ಮೈಮರೆಯುತ್ತಾನೆ, ಬೆಲೆ ಏರಿಸುತ್ತಾನೆ, ಗಿರಾಕಿಗಳಿಗೆ ಸಿಟ್ಟು ಬರುತ್ತದೆ. ಆಗ ನೀನು ಹಳೆಯ ಬೆಲೆಗೇ ಬಾಗಿಲು ಪೂರ್ತಿ ತೆರೆ. ಊರೇ ನಿನ್ನ ಕಡೆ ಬರುತ್ತದೆ.

ಇದನ್ನು ಯಾರಿಗೂ ಹೇಳಬೇಡ. ಊರ ಹಿರಿಯರಾದ ಫಾನ್ ಮೇಷ್ಟ್ರಿಗೂ ಬೇಡ. ನನ್ನನ್ನು ನಂಬು. ಈ ತಂತ್ರ ಹೇಳಿದಾಗ ಸಭೆಯಲ್ಲಿ ಚಪ್ಪಾಳೆ ನಿಲ್ಲುವುದೇ ಇಲ್ಲ.

ಷುಹೆಂಗ್


ಷಿಬಾನ್ ಪೇಟೆ
ಆಗಸ್ಟ್ ೧೫, ೧೯೯೪

ತಮ್ಮ,

ನೀನು ಹೇಳಿದಂತೆ ಮಾಡಿದೆ. ಕೂ ಕಿವಿಯಲ್ಲಿ ಒಂದು ಮಾತು ಹಾಕಿದೆ, ಮೂರು ದಿನದಲ್ಲಿ ನದಿಯ ಆಚೆ ದಡಕ್ಕೂ ಮುಟ್ಟಿತು. ಮಾವೊಛಾಯ್ ಬೆಲೆ ಏರಿಸಿದ. ಬಟ್ಟಲಿಗೆ ಮೂರು ಜಿಯಾವೊ ಇದ್ದದ್ದು ಐದು. ನೀನು ಹೇಳಿದ್ದು ಅಕ್ಷರಶಃ ನಡೆಯಿತು. ಇಲ್ಲಿ ಚಪ್ಪಾಳೆ ಹೊಡೆಯುವವರು ಇರಲಿಲ್ಲ, ಅಷ್ಟೇ.

ಆದರೆ ಮುದುಕರು ನೀನು ಹೇಳಿದಂತೆ ಸಿಟ್ಟಾಗಲಿಲ್ಲ. ಅತ್ತರು. ನಮ್ಮ ಕಪಾಟಿನಲ್ಲಿ ಅವರವರ ಚಹಾ ಎಲೆಯ ಡಬ್ಬಿಗಳಿದ್ದವಲ್ಲ, ಒಬ್ಬೊಬ್ಬರೇ ಬಂದು ತೆಗೆದುಕೊಂಡು ಹೋದರು. ಅಕ್ಕನಿಗೆ ಖಾಲಿ ಮಾಡುವ ಕಷ್ಟ ಬೇಡ ಅಂತ. ದೋಣಿಯವನ ಹೆಂಡತಿ ಬಾತುಕೋಳಿ ಮೊಟ್ಟೆ ತಂದುಕೊಟ್ಟಳು. ಫಾನ್ ಮೇಷ್ಟ್ರು ನನ್ನ ಕೈ ಹಿಡಿದು, ನೀನು ಇಷ್ಟು ವರ್ಷ ಮಾಡಿದ್ದೇ ಹೆಚ್ಚು ವಾನ್‌ಜೆನ್, ಇನ್ನು ಸುಧಾರಿಸಿಕೋ ಅಂದರು. ಎಂಬತ್ತು ದಾಟಿದ ಮನುಷ್ಯನ ಮುಖ ನೋಡಿಕೊಂಡು ನಾನು ಹೂಂ ಅಂದೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ನಿನಗೆ ಮಾತ್ರ ಬರೆಯುತ್ತೇನೆ. ಆ ಸುಳ್ಳು ಹೇಳುತ್ತ ಹೇಳುತ್ತ ನನಗೆ ಹಿತವಾಗತೊಡಗಿತು. ಮುಚ್ಚುತ್ತೇನೆ ಅಂದಾಗೆಲ್ಲ ಭುಜ ಹಗುರಾಯಿತು. ಇದು ನಿಜವೇ ಆಗಲಿ ಅನಿಸಿತು. ಹೀಗಿರುವಾಗ ನಾನು ಬಲಹೀನಳಂತೆ ನಟಿಸುತ್ತಿದ್ದೇನೋ, ಇಷ್ಟು ದಿನ ಬಲವಾಗಿದ್ದೇನೆ ಅಂತ ನಟಿಸುತ್ತಿದ್ದೆನೋ, ನನಗೇ ತಿಳಿಯುತ್ತಿಲ್ಲ. ನಿನ್ನ ಹಳಬರು ಇದಕ್ಕೇನಾದರೂ ಹೇಳಿದ್ದಾರಾ?

ಈಗ ಊರಿನವರೇ ದಿನ ಗೊತ್ತುಮಾಡಿದ್ದಾರೆ. ಸೆಪ್ಟೆಂಬರಿನ ಹುಣ್ಣಿಮೆ ಹಬ್ಬದ ಮಾರನೆಯ ದಿನ ಎಲ್ಲರೂ ಬಂದು ಕೊನೆಯ ಚಹಾ ಕುಡಿದು ಒಲೆ ಆರಿಸುವುದು ಅಂತ. ಇದು ಸುಳ್ಳು ಅಂತ ನಾನು ಯಾರಿಗೂ ಹೇಳಿಲ್ಲ, ನೀನು ಬೇಡ ಅಂದಿದ್ದೆಯಲ್ಲ. ಮುಂದೇನು ಅಂತ ಬೇಗ ಬರೆ. ಅಥವಾ ನೀನೇ ಬಾ.

ಅಕ್ಕ


ಷಿಬಾನ್ ಪೇಟೆ
ಸೆಪ್ಟೆಂಬರ್ ೨೩, ೧೯೯೪

ಷುಹೆಂಗ್,

ನಿನ್ನ ಉತ್ತರ ಬರಲಿಲ್ಲ. ದಿನ ಮಾತ್ರ ನಿಲ್ಲದೆ ಬಂತು.

ಬೆಳಗ್ಗೆಯಿಂದಲೇ ಜನ ಸೇರಿದರು. ಎತ್ತಿಟ್ಟಿದ್ದ ಕುರ್ಚಿಗಳನ್ನು ಅವರೇ ಇಳಿಸಿದರು. ಇಷ್ಟು ಜನ ನಮ್ಮ ಅಂಗಡಿಗೆ ಬಂದದ್ದು ಅಪ್ಪ ಹೋದ ಮೇಲೆ ಇದೇ ಮೊದಲು. ಎರಡು ಕೈಲೂ ಕೆಟಲ್ ಎತ್ತಿ ಹುಯ್ಯುತ್ತಿದ್ದೆ. ಆಗ ಮಾವೊಛಾಯ್ ಬಂದ. ತನ್ನ ಅಂಗಡಿ ಮುಚ್ಚಿ, ಅಪ್ಪ ಕೊಟ್ಟಿದ್ದ ಹಳೆಯ ನೀಲಿ ಏಪ್ರನ್ ಕಟ್ಟಿಕೊಂಡು ಬಂದಿದ್ದ. ನೆಟ್ಟಗೆ ಒಲೆಯ ಹತ್ತಿರ ಹೋಗಿ, ತೊಟ್ಟಿಯಿಂದ ಒಂದು ಸೌಟು ನೀರು ತೆಗೆದುಕೊಂಡ.

"ಅಕ್ಕಾ, ಇದನ್ನ ನಾನೇ ಆರಿಸ್ಬೇಕಲ್ವಾ. ಹಚ್ಚಿದ್ ದಿನ ಊದುಕೊಳವೆ ಹಿಡ್ದಿದ್ದೋನು ನಾನು."

ಅವನ ಕಣ್ಣು ನೋಡಿದೆ. ಅವನಿಗೆ ಗೊತ್ತಿತ್ತು. ಇದು ನಾಟಕ ಅಂತ ಗೊತ್ತಿದ್ದೇ ಬಂದಿದ್ದ. ನಾನು ಬೇಡ ಅಂದರೆ ಊರ ಮುಂದೆ ಸುಳ್ಳುಗಾತಿಯಾಗುತ್ತೇನೆ. ಹೂಂ ಅಂದರೆ ಒಲೆ ಹೋಗುತ್ತದೆ. ನನಗೂ ಹಟ ಬಂತು. ನಿನ್ನ ಅಕ್ಕನಲ್ಲವಾ.

"ಹುಯ್ಯೋ," ಅಂದೆ.

ಅವನು ಹುಯ್ದ. ಮೊದಲನೆಯ ಕಣ್ಣಿಗೆ. ಬುಸ್ ಅಂತ ಆವಿ ಎದ್ದು ಬೂದಿಯೆಲ್ಲ ಅವನ ಮುಖಕ್ಕೆ ಹಾರಿತು. ಪಂಜರದ ಹಕ್ಕಿಗಳು ಪಟಪಟ ರೆಕ್ಕೆ ಬಡಿದವು. ಮತ್ತೆ ಸೌಟು ತುಂಬಿದ. ಎರಡನೆಯ ಕಣ್ಣಿನ ಮೇಲೆ ಹಿಡಿದ. ಹಿಡಿದೇ ಇದ್ದ. ನೀರು ತುಳುಕಿ ತುಳುಕಿ ಅವನ ಚಪ್ಪಲಿಯ ಮೇಲೆ ಬಿತ್ತು. ನಾನು ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ನಿನ್ನ ಮೇಲೆ ಆ ಹೊತ್ತಿನಲ್ಲಿ ಬಂದ ಸಿಟ್ಟು ಯಾರ ಮೇಲೂ ಬಂದಿಲ್ಲ.

ಕೊನೆಗೆ ಅವನು ಸೌಟು ಕೆಳಗಿಟ್ಟು ಕಲ್ಲಿದ್ದಲ ಚೀಲದ ಮೇಲೆ ಕೂತುಬಿಟ್ಟ.

"ನಿನ್ ತಮ್ಮ ಹೇಳ್ದಂಗೇ ಮಾಡ್ದೆ ಕಣಕ್ಕ. ಇನ್ನು ನನ್ ಕೈಲಾಗಲ್ಲ."

ನನ್ನ ತಮ್ಮ ನಿನಗೆಲ್ಲಿ ಸಿಕ್ಕ ಅಂತ ಕೇಳಿದೆ. ಅವನು ಅಂಗಡಿಗೆ ಹೋಗಿ ಟೇಪ್ ರೆಕಾರ್ಡರ್ ತಂದ. ಜೊತೆಗೆ ಒಂದು ಡಬ್ಬಿ ಕ್ಯಾಸೆಟ್. ಜಿಲ್ಲೆಯ ಬಸ್‌ಸ್ಟ್ಯಾಂಡಿನಲ್ಲಿ ಕಳೆದ ವರ್ಷ ಕೊಂಡದ್ದಂತೆ. ಹಾಡಿನ ಕ್ಯಾಸೆಟ್ಟುಗಳ ಜೊತೆ ಇಟ್ಟು ಮಾರುತ್ತಿದ್ದರಂತೆ. ಗುಂಡಿ ಒತ್ತಿದ. ನಿನ್ನ ದನಿ ಬಂತು. ಮುಖ್ಯವಾದ ಮಾತು ಹೇಳುವ ಮುಂಚೆ ನೀನು ಕೆಮ್ಮುತ್ತೀಯಲ್ಲ, ಆ ಕೆಮ್ಮೂ ಇತ್ತು. ಎದುರಾಳಿಯ ಬಲವಾದ ಕಡೆ ಕಾಲಿಡಬೇಡಿ. ಗೂಢಚಾರನನ್ನು ಕಳಿಸಿ. ಬಲಹೀನನಂತೆ ನಟಿಸಿ. ಎದುರಾಳಿ ಹಾಗೆ ನಟಿಸಿದರೆ, ಅವನು ಆಡಿದ ಮಾತನ್ನೇ ಅವನು ನಡೆಸಬೇಕಾಗುವ ಹಾಗೆ ಮಾಡಿ. ನನಗೆ ಬರೆದದ್ದೆಲ್ಲ ಅದರಲ್ಲಿತ್ತು, ಕೆಲವು ವಾಕ್ಯ ಹಾಗ್‌ಹಾಗೇ. ಎರಡು ಕಡೆಯೂ ಸೇನಾಪತಿ ನೀನೇ. ಊರಿನ ಮುದುಕರೆಲ್ಲ ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದರು. ಕೊನೆಗೆ ಕೂ, ಹುಡುಗ ಚೆನ್ನಾಗಿ ಮಾತಾಡ್ತಾನೆ ಅಂದ.

ನನ್ನ ಸುಳ್ಳನ್ನೂ ಎಲ್ಲರ ಮುಂದೆ ಹೇಳಿಬಿಟ್ಟೆ. ಹಾಗಾದ್ರೆ ಇದು ಪಂಚಾಯಿತಿ ಚಹಾ ಅಂದರು ಫಾನ್ ಮೇಷ್ಟ್ರು. ಅಪ್ಪನ ಕಾಲದಲ್ಲಿ ನಡೆಯುತ್ತಿತ್ತಲ್ಲ, ಜಗಳ ಆಡಿದವರು ಚಹಾಮನೆಗೆ ಬಂದು ಎಲ್ಲರೆದುರು ಮಾತಾಡುವುದು, ತಪ್ಪಿತಸ್ಥ ಅಂತ ತೀರ್ಪಾದವನು ಅಲ್ಲಿ ಕೂತವರೆಲ್ಲರ ಚಹಾದ ದುಡ್ಡು ಕೊಡುವುದು. ಮೇಷ್ಟ್ರು ನನ್ನನ್ನು ಕೇಳಿದರು, ಮಾವೊಛಾಯ್‌ನನ್ನು ಕೇಳಿದರು. ಅವನಿಗೆ ಇಲ್ಲೇ ಕೆಟಲ್ ಹಿಡಿದುಕೊಂಡು ಇರುವ ಆಸೆಯಿತ್ತಂತೆ. ಅಪ್ಪ ಹೋದ ಮೇಲೆ ನಾನು ಅವನನ್ನು ಇರು ಅನ್ನಲಿಲ್ಲವಂತೆ. ಅದು ನಿಜ. ನೀನು ಬರುತ್ತೀಯ ಅಂತ ನಾನು ಜಾಗ ಇಟ್ಟಿದ್ದೆ.

ಮೇಷ್ಟ್ರು ಮುಚ್ಚಳದಿಂದ ಎಲೆ ಸರಿಸಿ, ಒಂದು ಗುಟುಕು ಕುಡಿದು ತೀರ್ಪು ಹೇಳಿದರು.

"ಇಬ್ರೂ ಒಬ್ಬನ್ ಮಾತೇ ಕೇಳಿದ್ದೀರಿ. ತಪ್ಪು ಅವನ್ದು. ಚಹಾದ್ ದುಡ್ಡೂ ಅವನ್ದೇ."

ಎಲ್ಲರೂ ಒಪ್ಪಿದರು. ಆದ್ದರಿಂದ ತಿಳಿಸುತ್ತಿದ್ದೇನೆ. ಪದ್ಧತಿ ನಿನಗೆ ಗೊತ್ತಲ್ಲ. ಪಂಚಾಯಿತಿ ಚಹಾದ ದುಡ್ಡನ್ನು ತಪ್ಪಿತಸ್ಥ ತನ್ನ ಕುರ್ಚಿಯಿಂದ ಎದ್ದು ತನ್ನ ಕೈಯಾರೆ ಕೊಡಬೇಕು. ಬೇರೆಯವರು ಕೊಡುವ ಹಾಗಿಲ್ಲ, ಅಂಚೆಯಲ್ಲಿ ಕಳಿಸುವ ಹಾಗೂ ಇಲ್ಲ.

ಒಲೆಗೆ ಈಗ ಆರೇ ಕಣ್ಣು. ಮಾವೊಛಾಯ್ ಬೆಳಗಿನ ಹೊತ್ತು ಬಂದು ದೊಡ್ಡ ಕೆಟಲ್ ಹಿಡಿಯುತ್ತಾನೆ, ಸಂಜೆಗೆ ತನ್ನ ಸಿನಿಮಾ ಹಾಕುತ್ತಾನೆ. ಬೆಲೆಯ ವಿಷಯಕ್ಕೆ ದಿನಾ ಜಗಳ ಆಡುತ್ತೇವೆ. ಮುದುಕರಲ್ಲಿ ಅರ್ಧದಷ್ಟು ಜನ ಡಬ್ಬಿ ವಾಪಸ್ ತಂದಿಟ್ಟಿಲ್ಲ. ಸುಳ್ಳು ಹೇಳಿದ್ದಕ್ಕೆ ನನ್ನ ಮೇಲೆ ಅವರಿಗೆ ಬೇಜಾರು. ಇರಲಿ.

ಒಂದು ಕೇಳುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ಮಾರುವ ಕ್ಯಾಸೆಟ್ ಕೊಂಡವರಿಗೆಲ್ಲ ನಿನ್ನ ಉಪನ್ಯಾಸ ಸಿಗುತ್ತಿದ್ದರೆ, ಆ ಮ್ಯಾನೇಜರುಗಳು ನಿನ್ನನ್ನು ಯಾಕೆ ಕರೆಸುತ್ತಾರೆ?

ವಾನ್‌ಜೆನ್


ಷೆನ್‌ಜೆನ್
ಅಕ್ಟೋಬರ್ ೨೦, ೧೯೯೪

ಅಕ್ಕ,

ಕರೆಸುವುದಿಲ್ಲ.

ಕಾಲೇಜಿನಲ್ಲಿ ನಮ್ಮ ವಿಭಾಗ ಮುಚ್ಚಿ ಎರಡು ವರ್ಷವಾಯಿತು. ಆಮೇಲೆ ಒಂದು ಕಂಪನಿಯವರು ಉಪನ್ಯಾಸ ಮಾಡಿಸಿದರು. ಅದನ್ನು ಕ್ಯಾಸೆಟ್ ಮಾಡಿಕೊಂಡರು. ಕ್ಯಾಸೆಟ್ ಇದ್ದ ಮೇಲೆ ಮನುಷ್ಯ ಬೇಕಿಲ್ಲ ಅಂದರು. ಈಗ ನಾನು ಅದೇ ಕ್ಯಾಸೆಟ್ ಪ್ರತಿ ಮಾಡುವ ಅಂಗಡಿಯಲ್ಲಿದ್ದೇನೆ. ದಿನವಿಡೀ ಕಿವಿಗೆ ಯಂತ್ರ ಹಾಕಿಕೊಂಡು, ಎಲ್ಲಿ ಗೊರಗೊರ ಬಂತು, ಎಲ್ಲಿ ದನಿ ನಿಂತಿತು ಅಂತ ನೋಡುವ ಕೆಲಸ. ನನ್ನ ದನಿಯನ್ನೇ ಕೇಳುತ್ತೇನೆ. ಆ ಕೆಮ್ಮು ಬಂದಾಗಲೆಲ್ಲ ಅಪ್ಪ ನೆನಪಾಗುತ್ತಾನೆ, ಅವನೂ ಹಾಗೇ ಕೆಮ್ಮುತ್ತಿದ್ದ. ಒಂಬತ್ತು ಜನರ ಕೋಣೆಯಲ್ಲಿ ಮಲಗುತ್ತೇನೆ. ನಿನ್ನ ಕಾರದ ಪುಡಿ ಒಂದೇ ವಾರದಲ್ಲಿ ಖಾಲಿಯಾಯಿತು, ಅದರಲ್ಲಿ ನಾನು ತಿಂದದ್ದು ಸ್ವಲ್ಪ.

ನಿನಗೆ ಬರೆದ ಸಲಹೆ ಒಂದನ್ನೂ ಹೊಸದಾಗಿ ಯೋಚಿಸಿರಲಿಲ್ಲ. ಕೇಳಿ ಕೇಳಿ ಬಾಯಿಪಾಠವಾದದ್ದನ್ನೇ ಬರೆದೆ. ಆಗಸ್ಟಿನ ನಿನ್ನ ಪತ್ರಕ್ಕೆ ಉತ್ತರ ಬರೆಯಲು ಕೂತರೆ ಮುಂದಿನದ್ದು ಯಾವ ಕ್ಯಾಸೆಟ್ಟಿನಲ್ಲೂ ಇರಲಿಲ್ಲ. ಮುಚ್ಚುತ್ತೇನೆ ಅನ್ನುವಾಗ ಭುಜ ಹಗುರಾಗುತ್ತದೆ ಅಂತ ಬರೆದಿದ್ದೆ. ಅದನ್ನು ಎಷ್ಟು ಸಲ ಓದಿದೆನೋ. ಅದೇನೆಂದು ನನಗೆ ಗೊತ್ತಿತ್ತು, ಹೇಳಲು ಧೈರ್ಯ ಬರಲಿಲ್ಲ. ನೀನು ಅಲ್ಲಿ ಬಲಹೀನಳಂತೆ ನಟಿಸುತ್ತಿದ್ದರೆ ನಾನು ಇಲ್ಲಿ ಅದರ ಉಲ್ಟಾ ಮಾಡುತ್ತಿದ್ದೆ.

ನಿನ್ನ ಮಾರ್ಚ್ ತಿಂಗಳ ಪತ್ರ ಮತ್ತೆ ತೆಗೆದು ಓದಿದೆ. ನೀನು ಸಲಹೆ ಕೇಳಿರಲೇ ಇಲ್ಲ. ಬಾ ಅಂತ ಬರೆದಿದ್ದೆ, ಅಷ್ಟೇ.

ಬರಲು ನಾಚಿಕೆಯಾಗುತ್ತದೆ ಅಕ್ಕ. ಊರೆಲ್ಲ ನನ್ನ ದನಿ ಕೇಳಿದೆ. ಒಲೆಯ ಒಂದು ಕಣ್ಣು ನನ್ನಿಂದ ಹೋಯಿತು. ಮುಂದಿನ ವರ್ಷ ಏನಾದರೂ ಒಂದು ಸರಿಯಾದ ಕೆಲಸ ಸಿಕ್ಕಿದ ಮೇಲೆ ಬಂದು ತೀರ್ಪಿನ ದುಡ್ಡು ಕೊಡುತ್ತೇನೆ. ಮೇಷ್ಟ್ರಿಗೆ ಹಾಗೆಂದು ಹೇಳು.

ಷುಹೆಂಗ್


ಷಿಬಾನ್ ಪೇಟೆ
ನವೆಂಬರ್ ೮, ೧೯೯೪

ತಮ್ಮ,

ಮೇಷ್ಟ್ರಿಗೆ ಹೇಳಿದೆ. ಅವರಿಗೆ ಮುಂದಿನ ವರ್ಷದ ನೆಚ್ಚಿಕೆ ಇಲ್ಲವಂತೆ, ಬೇಗ ಬರಲಿ ಅಂದರು.

ಏಳನೆಯ ಕಣ್ಣು ಮತ್ತೆ ಹಚ್ಚೋಣ ಅಂತ ಮಾವೊಛಾಯ್ ದಿನಾ ಪೀಡಿಸುತ್ತಾನೆ. ನೀನು ಬರುವವರೆಗೆ ಬೇಡ ಅಂದಿದ್ದೇನೆ. ಇಲ್ಲಿ ಕೆಲಸ ಇದೆ, ದೊಡ್ಡ ಕೆಲಸ ಅಲ್ಲ. ಬೂದಿ ತೆಗೆಯಬೇಕು, ಕಲ್ಲಿದ್ದಲು ಒಡೆಯಬೇಕು, ಬಟ್ಟಲು ತೊಳೆಯಬೇಕು. ಯಾರಿಗೂ ಏನನ್ನೂ ಹೇಳಿಕೊಡುವ ಹಾಗಿಲ್ಲ. ನಾಚಿಕೆಯಾದರೆ ಹಿಂದಿನ ಬಾಗಿಲಿನಿಂದ ಬಾ, ಒಲೆ ಇರುವುದು ಆ ಕಡೆಗೇ.

ಪಂಚಾಯಿತಿಯ ದಿನ ಕಿಟಕಿ ಪಕ್ಕದ ಕುರ್ಚಿಯ ಮುಂದೆ ನಿನ್ನ ಹೆಸರಿಗೆ ಒಂದು ಬಟ್ಟಲು ಹುಯ್ದಿದ್ದೆ. ಮುಚ್ಚಳದ ಮೇಲೆ ಎಲೆ ಇಟ್ಟಿದ್ದೇನೆ. ಕೂರಲು ಬಂದವರನ್ನು ಎಬ್ಬಿಸುತ್ತಿದ್ದೇನೆ, ಬೈಸಿಕೊಳ್ಳುತ್ತಲೂ ಇದ್ದೇನೆ. ಎಲೆ ಒಣಗಿ ಹಾರಿಹೋಗುತ್ತದೆ, ಮತ್ತೆ ಹೊಸದು ಇಡುತ್ತೇನೆ. ದಿನಾ ಇಡುವುದು ನನಗೆ ಬೇಸರದ ಕೆಲಸ. ಬಂದುಬಿಡು.

ಅಕ್ಕ